ಮಲೆನಾಡಿನ ಮಳೆಯಲ್ಲಿ ಮೋಟಾರ್‌ಹೋಮಿನ ಗ್ಯಾಸ್: ಲಕ್ಷಣ ನೋಡಿ ದೋಷ ಹಿಡಿಯುವುದು

ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆ ಹೊರಟ ಮೋಟಾರ್‌ಹೋಮಿನಲ್ಲಿ, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಒಳಗೇ ಇರುವ ಗಾಡಿಯಲ್ಲಿ, ಗ್ಯಾಸ್ ಕೈಕೊಟ್ಟರೆ ಬಹುಪಾಲು ಕಾರಣ ಮೂರರಲ್ಲೊಂದು: ನೀರು, ಕುಲುಕಾಟ, ಮುಚ್ಚಿದ ಕಿಟಕಿ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಜೋಡಣೆ ಇಲ್ಲಿಯ ಒಂದೇ ಮಳೆಗಾಲಕ್ಕೆ ಹಣ್ಣಾಗುತ್ತದೆ. ರೆಗ್ಯುಲೇಟರಿನ ಉಸಿರುಕಂಡಿಗೆ ಕೆಸರು ಕೂರುತ್ತದೆ. ಘಾಟಿಯ ತಿರುವುಗಳಲ್ಲಿ ತಾಮ್ರದ ಕೊಳವೆಯ ನಟ್ಟು ಸಡಿಲಾಗುತ್ತದೆ. ಎರಚಲಿಗೆ ಬೇಸತ್ತವರು ಇದ್ದ ಕಿಂಡಿಗೂ ಬಟ್ಟೆ ತುರುಕುತ್ತಾರೆ. ಜೀವಕ್ಕೆ ಎರವಾಗುವುದು ಹೆಚ್ಚಾಗಿ ಈ ಕೊನೆಯದೇ.

ಪ್ರತಿ ಭಾಗದಲ್ಲೂ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಪಾನಾ ಹಿಡಿಯುವ ಕೆಲಸ ಕೊನೆಗೆ. ಮೊದಲೆರಡು ಭಾಗಗಳನ್ನಂತೂ ಮನೆಯಲ್ಲೇ ಓದಿಕೊಂಡು ಹೊರಡಿ. ಆ ಲಕ್ಷಣ ಕಂಡಾಗ ಓದಲು ಪುರುಸೊತ್ತಿರುವುದಿಲ್ಲ.

ಗ್ಯಾಸ್ ವಾಸನೆ ಬರುತ್ತಿದೆ

ಎಲ್ಲಿಂದ ಎಂದು ಆಗಲೇ ಹುಡುಕಬೇಡಿ. ಒಲೆ ಉರಿಯುತ್ತಿದ್ದರೆ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ, ಬಾಗಿಲುಗಳನ್ನು ಪೂರ್ತಿ ತೆರೆದಿಡಿ, ಹೊರಗಿನಿಂದ ಸಿಲಿಂಡರ್ ಪೆಟ್ಟಿಗೆ ತೆಗೆದು ರೆಗ್ಯುಲೇಟರ್ ಆಫ್ ಮಾಡಿ. ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಗಾಡಿ ಸ್ಟಾರ್ಟ್ ಮಾಡಬೇಡಿ. ಕೈ ತೊಳೆಯಲು ನಲ್ಲಿ ತಿರುಗಿಸಲೂಬೇಡಿ: ನಲ್ಲಿ ತೆರೆದೊಡನೆ 12 ವೋಲ್ಟಿನ ಪಂಪು ತಾನೇ ಓಡುತ್ತದೆ, ಅದರ ಒತ್ತಡದ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ಜನ ಮರೆಯುವುದು ಇದನ್ನೇ. ಗ್ಯಾಸಿನ ಫ್ರಿಜ್ ತಾನಾಗಿ ಹೊತ್ತಿಕೊಳ್ಳುವ ನಮೂನೆಯದಾದರೆ ಉರಿ ಆರಿದ್ದನ್ನು ಗುರುತಿಸಿ ಮತ್ತೆ ಮತ್ತೆ ಕಿಡಿ ಕೊಡುತ್ತಲೇ ಇರುತ್ತದೆ. ಆದ್ದರಿಂದ ಗ್ಯಾಸ್ ಆಫ್ ಆಯಿತೆಂದು ಒಳಗೇ ನಿಲ್ಲುವ ಹಾಗಿಲ್ಲ.

ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯಂತೆ ಮೇಲೇರದು, ನೀರಿನಂತೆ ತಗ್ಗು ಹುಡುಕಿ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗದಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮಲೆನಾಡಿನ ಅಂಗಳಗಳು ಮೆಟ್ಟಿಲು ಮೆಟ್ಟಿಲಾಗಿರುತ್ತವೆ. ನಿಮ್ಮ ಗಾಡಿ ಮೇಲಿನ ಅಂಗಳದಲ್ಲಿ ನಿಂತಿದೆ, ಕೆಳಗಿನ ಬಚ್ಚಲುಮನೆಯಲ್ಲಿ ಹಂಡೆ ಒಲೆ ಉರಿಯುತ್ತಿದೆ ಎಂದರೆ ಸೋರಿದ ಗ್ಯಾಸ್ ಅಲ್ಲಿಗೇ ಇಳಿಯಬಹುದು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಗೂ ಇದೇ ಮಾತು. ಕೆಳಗಿನವರಿಗೆ ಕೂಗಿ ಹೇಳಿ, ಬೆಂಕಿಗೆ ನೀರು ಹಾಕಿಸಿ.

ಆಫ್ ಮಾಡಿದ ಮೇಲೂ ಸುಯ್ ಎನ್ನುವ ಸದ್ದು ನಿಲ್ಲದಿದ್ದರೆ ರೆಗ್ಯುಲೇಟರ್ ತೆಗೆದು, ದಾರದಲ್ಲಿ ತೂಗುವ ಪ್ಲಾಸ್ಟಿಕ್ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಕೂರಿಸಿ. ಆ ಮುಚ್ಚಳ ಇರುವುದೇ ಸೋರುವ ವಾಲ್ವನ್ನು ಕಟ್ಟಲು. ಕಿತ್ತು ಎಸೆಯುವ ಚಾಳಿ ಬಿಡಿ. ಸದ್ದು ಆಗಲೂ ನಿಲ್ಲದಿದ್ದರೆ ಸಿಲಿಂಡರನ್ನು ನೆಟ್ಟಗೆ ಹಿಡಿದು ಬಾವಿ, ಚರಂಡಿ, ಬೆಂಕಿಯಿಂದ ದೂರದ ಬಯಲಿಗೆ ಸಾಗಿಸಿ, ದೂರ ನಿಂತು 1906ಕ್ಕೆ ಕರೆ ಮಾಡಿ. ಇದು ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ. ಬೆಂಕಿ ಕಂಡರೆ 112. ಕಾಡಿನ ಅಂಚಿನಲ್ಲಿ ಬೀಡುಬಿಡುವ ಮುಂಚೆ ಫೋನಿಗೆ ಸಿಗ್ನಲ್ ಸಿಗುವ ಜಾಗ ಎಷ್ಟು ದೂರ ಎಂದು ನೋಡಿಟ್ಟುಕೊಳ್ಳಿ.

ಗಾಳಿಯಾಡಿ ವಾಸನೆ ಪೂರ್ತಿ ಹೋದ ಮೇಲೆ ಹುಡುಕಾಟ. ಕಡ್ಡಿ ಗೀರಿ ನೋಡುವುದು ಪರೀಕ್ಷೆಯಲ್ಲ, ಆತ್ಮಹತ್ಯೆ. ಒಂದು ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿ. ಸೋಪು ಮುಗಿದಿದ್ದರೆ ನೆನೆಸಿದ ಅಂಟುವಾಳಕಾಯಿಯ ನೊರೆಯೂ ಆದೀತು. ಸಿಲಿಂಡರಿನಿಂದ ಒಲೆಯ ಕಡೆಗೆ ಒಂದೊಂದೇ ಜಾಗಕ್ಕೆ ಹಚ್ಚುತ್ತ, ಪ್ರತಿ ಕಡೆ ಅರ್ಧ ನಿಮಿಷ ಕಾದು ನೋಡಿ. ಗುಳ್ಳೆ ಎಲ್ಲಿ ಏಳುತ್ತದೆ ಎನ್ನುವುದರ ಮೇಲೆ ಮುಂದಿನದು.

ರೆಗ್ಯುಲೇಟರ್ ತೆಗೆದಾಗಲೂ ವಾಲ್ವಿನ ಬಾಯಲ್ಲಿ ಗುಳ್ಳೆ ಬಂದರೆ ವಾಲ್ವಿನ ಪಿನ್ನು ಸರಿಯಾಗಿ ಕೂತಿಲ್ಲ. ಮೊಳೆಯಿಂದ ಚುಚ್ಚಿ ಸರಿಮಾಡಲು ಹೋಗಬೇಡಿ, ಮುಚ್ಚಳ ಹಾಕಿ ವಿತರಕರಿಗೆ ಮರಳಿಸಿ. ರೆಗ್ಯುಲೇಟರ್ ಆನ್ ಮಾಡಿದಾಗ ಮಾತ್ರ ಅದು ಕೂರುವ ಜಾಗದಲ್ಲಿ ಗುಳ್ಳೆ ಬಂದರೆ ವಾಲ್ವಿನೊಳಗಿನ ರಬ್ಬರ್ ಬಳೆ ಸೀಳಿದೆ, ಅಥವಾ ಬಳೆಯೇ ಇಲ್ಲ. ಅದನ್ನು ಹಾಕಬೇಕಾದವರು ಏಜೆನ್ಸಿಯ ಮೆಕ್ಯಾನಿಕ್. ರೆಗ್ಯುಲೇಟರಿನ ಮೈಮೇಲಿನ ಸಣ್ಣ ತೂತಿನಿಂದ ಗುಳ್ಳೆ ಬಂದರೆ ಒಳಗಿನ ರಬ್ಬರ್ ಪೊರೆ ಹರಿದಿದೆ. ಅದಕ್ಕೆ ರಿಪೇರಿ ಎಂಬುದಿಲ್ಲ, ಹೊಸದೇ ಬೇಕು. ಆ ತೂತಿಗೆ ಎಂಸೀಲ್ ಮೆತ್ತಿದವರಿದ್ದಾರೆ. ಆ ತೂತು ರೆಗ್ಯುಲೇಟರಿನ ಮೂಗು, ಮುಚ್ಚಿದರೆ ಒತ್ತಡ ಹಿಡಿತ ತಪ್ಪುತ್ತದೆ.

ಪೈಪಿನ ತುದಿಯಲ್ಲಿ ಗುಳ್ಳೆಯಾದರೆ ಪೈಪು ಪೂರ್ತಿ ಒಳಗೆ ಹೋಗಿದೆಯೇ, ಕ್ಲಾಂಪ್ ಬಿಗಿಯಿದೆಯೇ ನೋಡಿ. ಪೈಪಿನ ಮೈಯಲ್ಲೇ ಗುಳ್ಳೆಯಾದರೆ ಟೇಪು ಸುತ್ತುವುದು ಬೇಡ, ಪೈಪೇ ಬದಲಿಸಿ. ಒಳಗೆ ಸ್ಟೀಲ್ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಕೊಳ್ಳಿ. ಐ.ಎಸ್. 9573 ಮತ್ತು ತಯಾರಾದ ವರ್ಷ ಅದರ ಮೇಲೆ ಅಚ್ಚಾಗಿರುತ್ತದೆ, 5 ವರ್ಷಕ್ಕೆ ಅದರ ಆಯಸ್ಸು ಮುಗಿಯಿತು. ಹಳೆಯ ಪೈಪನ್ನು ಬೆರಳ ಸುತ್ತ ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಅವಧಿ ಬಾಕಿಯಿದ್ದರೂ ಬಿಸಾಡಿ. ತೋಟದ ಪಕ್ಕ ವಾರಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ಕಡಿದ ಗುರುತೂ ಇರಬಹುದು. ಅದು ಹೆಚ್ಚಾಗಿ ಇರುವುದು ಪೈಪಿನ ಕೆಳಮೈಗೆ, ಕಣ್ಣಿಗೆ ಬೀಳದ ಕಡೆ. ಬೆರಳಿನಿಂದ ತಡವಿ ನೋಡಿ.

ತಾಮ್ರದ ಕೊಳವೆಯ ಜೋಡಣೆ ಸಡಿಲಾಗಿದ್ದರೆ ಎರಡು ಪಾನಾ ಬೇಕು: ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಕಾಲು ಸುತ್ತು ಬಿಗಿ ಮಾಡಿ. ಒಂದೇ ಪಾನಾದಲ್ಲಿ ತಿರುಚಿದರೆ ಕೊಳವೆಯೇ ಮುರುಟುತ್ತದೆ. ಕಾಲು ಸುತ್ತಿಗೆ ನಿಲ್ಲದ ಸೋರಿಕೆ ಬಿಗಿತದ್ದಲ್ಲ, ಕೊಳವೆಯ ಅಗಲಿಸಿದ ತುದಿ ಸೀಳಿದ್ದರಿಂದ. ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ.

ನೊರೆ ಎಲ್ಲೂ ಏನೂ ತೋರಿಸಲಿಲ್ಲ, ವಾಸನೆ ಮಾತ್ರ ಮತ್ತೆ ಬರುತ್ತಿದೆ ಎಂದಾದರೆ ಮೆಕ್ಯಾನಿಕ್ಕಿಗೆ ನೀರುಗೊಳವೆಯ ಪರೀಕ್ಷೆ ಮಾಡಲು ಹೇಳಿ. ಯು ಆಕಾರದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಒಲೆಯ ಕಡೆಯ ಸಾಲಿಗೆ ಜೋಡಿಸುತ್ತಾರೆ. ಮನೆಬಳಕೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್ ಒತ್ತಡ, ಅಂದರೆ ಎರಡು ಕಡೆಯ ನೀರಿನ ಮಟ್ಟಗಳ ನಡುವೆ ಹೆಚ್ಚುಕಡಿಮೆ 30 ಸೆಂಟಿಮೀಟರ್ ಅಂತರ. ಎಲ್ಲ ನಾಬ್ ಮುಚ್ಚಿ, ರೆಗ್ಯುಲೇಟರ್ ಆಫ್ ಮಾಡಿ ಐದು ನಿಮಿಷ ಬಿಟ್ಟಾಗ ಆ ಅಂತರ ಕುಗ್ಗಬಾರದು.

ಎರಡು ಸುಳ್ಳು ಎಚ್ಚರಿಕೆಗಳೂ ಇವೆ. ಸಿಲಿಂಡರ್ ಮುಗಿಯುತ್ತ ಬಂದಾಗ ವಾಸನೆ ಜೋರಾಗುತ್ತದೆ. ಗ್ಯಾಸಿಗೆ ವಾಸನೆ ಕೊಡಲು ಬೆರೆಸುವ ಮರ್ಕ್ಯಾಪ್ಟನ್ ತಳದ ದ್ರವದಲ್ಲಿ ಹೆಚ್ಚು ಉಳಿಯುವುದೇ ಕಾರಣ. ಇನ್ನೊಂದು, ಡಬ್ಬಿಯಲ್ಲಿ ನೆನೆಹಾಕಿದ ಕಳಲೆ (ಎಳೆ ಬಿದಿರು). ಮೂರನೇ ದಿನದ ಕಳಲೆನೀರಿಗೂ ಗ್ಯಾಸಿಗೂ ಮೂಗು ಮೋಸಹೋಗುವುದುಂಟು. ಆದರೂ ಕಳಲೆಯೇ ಇರಬೇಕು ಎಂದು ಸುಮ್ಮನಾಗುವುದು ನೊರೆ ಹಚ್ಚಿ ನೋಡಿದ ಮೇಲೆ.

ವಾಸನೆ ಇಲ್ಲ, ಆದರೆ ತಲೆನೋವು, ವಾಕರಿಕೆ, ಮಂಪರು

ಉಂಬಳ (ಜಿಗಣೆ), ಸೊಳ್ಳೆ, ಎರಚಲು ಈ ಮೂರಕ್ಕೂ ಹೆದರಿ ಕಿಟಕಿ ಮುಚ್ಚಿ ಒಲೆ ಉರಿಸಿದಾಗ ಬರುವ ಲಕ್ಷಣ ಇದು. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಘಾಟಿಯ ತಿರುವಿಗೆ ತಲೆ ಸುತ್ತಿತು, ಮಳೆಯಲ್ಲಿ ನೆನೆದು ಜ್ವರ ಬಂತು ಎಂದು ಜನ ಮಲಗಿಬಿಡುತ್ತಾರೆ, ಏಳುವುದಿಲ್ಲ.

ಗುರುತು ಹಿಡಿಯುವ ಸುಳುಹು: ಒಳಗಿದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂದಿದೆಯೇ? ಹೊರಗೆ ಹೋದರೆ ಕಡಿಮೆಯಾಗುತ್ತದೆಯೇ? ಹೌದಾದರೆ ಒಲೆ ಆರಿಸಿ, ಎಲ್ಲರೂ ಗಾಳಿಗೆ ಬನ್ನಿ, ಮಳೆ ಬಂದರೂ ಸರಿ. ಮಾತು ತೊದಲುತ್ತಿದ್ದರೆ, ನಡೆಯುವಾಗ ಓಲಾಡಿದರೆ, ಪ್ರಜ್ಞೆ ತಪ್ಪಿದರೆ 108. ಆಸ್ಪತ್ರೆಯಲ್ಲಿ "ಗ್ಯಾಸ್ ಒಲೆ ಉರಿಸಿ ಮುಚ್ಚಿದ ಗಾಡಿಯಲ್ಲಿದ್ದೆವು" ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲೂ ಆಮ್ಲಜನಕ ಸರಿಯಿದೆ ಎಂದೇ ತೋರಿಸುತ್ತದೆ, ಅದನ್ನು ನಂಬಿ ಕೂರಬೇಡಿ.

ಒಲೆಯನ್ನು ಚಳಿ ಕಾಯಿಸಲು, ಒದ್ದೆ ಬಟ್ಟೆ ಒಣಗಿಸಲು ಉರಿಸುವಂತಿಲ್ಲ. ಹೊಗೆ ಹೊರಹೋಗುವ ಕೊಳವೆಯಿಲ್ಲದ ಗ್ಯಾಸ್ ಗೀಸರನ್ನು ಗಾಡಿಯೊಳಗೆ ಕೂರಿಸಲೇಬಾರದು; ಮನೆಗಳ ಬಚ್ಚಲಲ್ಲೇ ಅದರಿಂದ ಜನ ಸತ್ತಿದ್ದಾರೆ, ಗಾಡಿಯ ಬಚ್ಚಲು ಅದರ ಕಾಲುಭಾಗವೂ ಇಲ್ಲ. ಎಚ್ಚರಿಕೆ ಯಂತ್ರ ಎರಡು ಬೇಕು, ಒಂದರ ಕೆಲಸ ಇನ್ನೊಂದು ಮಾಡದು. ಅಡುಗೆ ಅನಿಲದ್ದು ನೆಲದಿಂದ ಒಂದು ಗೇಣು ಎತ್ತರದಲ್ಲಿ, ಕಾರ್ಬನ್ ಮೊನಾಕ್ಸೈಡಿನದು ಮಲಗಿದಾಗ ತಲೆ ಇರುವ ಮಟ್ಟದಲ್ಲಿ.

ಒಲೆ ಹೊತ್ತುವುದೇ ಇಲ್ಲ

ಕಿಡಿಯೇ ಇಲ್ಲವೋ, ಗ್ಯಾಸೇ ಬರುತ್ತಿಲ್ಲವೋ ಎಂದು ಮೊದಲು ಬೇರ್ಪಡಿಸಿ. ಲೈಟರಿನಿಂದ ಹೊತ್ತಿದರೆ ತಪ್ಪು ಕಿಡಿಯದು. ಆಷಾಢದಲ್ಲಿ ಒಲೆಯ ಕಿಡಿಕಡ್ಡಿ ತೇವ ಹಿಡಿಯುವುದು ಮಾಮೂಲು. ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಸೆಲ್ಲಿನ ತುದಿಯ ಹಸಿರು ಕಿಲುಬು ಕೆರೆಯಿರಿ.

ಗ್ಯಾಸೇ ಬಾರದಿದ್ದರೆ ಸಿಲಿಂಡರಿನಲ್ಲಿ ಇದೆಯೇ ನೋಡಿ. ಅಲುಗಾಡಿಸಿ ಅಂದಾಜು ಮಾಡುವುದಕ್ಕಿಂತ ತೂಕ ನಂಬಿಕೆಯದು: ಖಾಲಿ ತೂಕ ಸಿಲಿಂಡರಿನ ಮೇಲೇ ಒತ್ತಿರುತ್ತದೆ, ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಊರಲ್ಲಿ ಯಾರ ಮನೆಯಲ್ಲೂ ಸಿಗುತ್ತದೆ. ತಕ್ಕಡಿ ಇಲ್ಲದಿದ್ದರೆ ಒದ್ದೆಬಟ್ಟೆಯಿಂದ ಸಿಲಿಂಡರಿನ ಮೈ ಮೇಲಿಂದ ಕೆಳಗೆ ಒರೆಸಿ. ದ್ರವ ಇರುವಷ್ಟು ಮಟ್ಟಕ್ಕೆ ಪಸೆ ನಿಧಾನಕ್ಕೆ ಆರುತ್ತದೆ, ಅದರ ಮೇಲೆ ಬೇಗ ಆರುತ್ತದೆ. ಲೆಕ್ಕಕ್ಕೆ ಬೇಕಾದರೆ, ಒಂದೂವರೆ ಕಿಲೋವಾಟಿನ ಒಂದು ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 120 ಗ್ರಾಂ ತಿನ್ನುತ್ತದೆ. 5 ಕೆಜಿ ಸಿಲಿಂಡರ್ 40 ಗಂಟೆ ಬಂದೀತು.

ಸಿಲಿಂಡರ್ ತುಂಬಿದೆ, ಆದರೂ ಬರುತ್ತಿಲ್ಲ ಎಂದರೆ ರೆಗ್ಯುಲೇಟರ್ ತೆಗೆದು ಮತ್ತೆ ಕೂರಿಸಿ. ಟಕ್ಕೆಂದು ಕೂರುವ ಸದ್ದು ಕೇಳಬೇಕು. ಆಮೇಲೆ ಪೈಪು ಎಲ್ಲಾದರೂ ಮಡಿಚಿದೆಯೇ, ಡ್ರಾಯರಿನ ಹಿಂದೆ ಸಿಕ್ಕಿಕೊಂಡಿದೆಯೇ ನೋಡಿ. ಒಂದೇ ಬರ್ನರ್ ಸತ್ತಿದ್ದರೆ ಅದಕ್ಕೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಜೆಟ್ಟಿನಲ್ಲಿ ಜೇಡವೋ ಕುಂಬಾರ ಹುಳವೋ ಗೂಡು ಕಟ್ಟಿದೆ. ತಿಂಗಳು ನಿಂತ ಗಾಡಿಯಲ್ಲಿ ಇದನ್ನೇ ಮೊದಲು ಶಂಕಿಸಿ. ಜೆಟ್ಟನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ ಊದಿ, ಒಣಗಿಸಿ ಹಾಕಿ. ಸೂಜಿ ಹಾಕಿ ಕೆದಕಿದರೆ ತೂತು ದೊಡ್ಡದಾಗಿ, ಉರಿ ಇನ್ನೆಂದೂ ನೀಲಿಯಾಗದು.

ಹೊತ್ತುತ್ತದೆ, ನಾಬ್ ಬಿಟ್ಟೊಡನೆ ಆರುತ್ತದೆ

ಉರಿ ಆರಿದರೆ ಗ್ಯಾಸನ್ನೂ ತಾನೇ ನಿಲ್ಲಿಸುವ ಒಲೆ ಮತ್ತು ಫ್ರಿಜ್ಜುಗಳ ಕಾಯಿಲೆ ಇದು. ನಾಬನ್ನು ಒತ್ತಿ 15–20 ಸೆಕೆಂಡು ಹಿಡಿಯಿರಿ. ಚಳಿಯ ಬೆಳಗಿನಲ್ಲಿ ಥರ್ಮೋಕಪಲ್ (ಉರಿಯ ಬಿಸಿ ಗುರುತಿಸುವ ಕಡ್ಡಿ) ಬಿಸಿಯಾಗಲು ಇನ್ನೊಂದಿಷ್ಟು ಹೊತ್ತು ಬೇಕು. ಅದಕ್ಕೂ ನಿಲ್ಲದಿದ್ದರೆ ಬರ್ನರ್ ಪಕ್ಕದ ಆ ಕಡ್ಡಿಯ ತುದಿ ಉರಿಯೊಳಗೆ ಇದೆಯೇ, ಅದರ ಮೇಲೆ ಉಕ್ಕಿದ ಗಂಜಿ ಕರಕಲಾಗಿದೆಯೇ ನೋಡಿ, ಮೆತ್ತಗೆ ಉಜ್ಜಿ. ಆಮೇಲೂ ಹಾಗೇ ಆದರೆ ಥರ್ಮೋಕಪಲ್ ಬದಲಿಸಬೇಕು, ದುಬಾರಿಯದಲ್ಲ. ಕಡ್ಡಿ ಸಿಕ್ಕಿಸಿ ನಾಬನ್ನು ಒತ್ತಿದಂತೆಯೇ ಇಡುವ ಉಪಾಯವನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಗಾಳಿಗೆ ಉರಿ ಆರಿದಾಗ ಗ್ಯಾಸ್ ಸುರಿಯುತ್ತಲೇ ಇರುತ್ತದೆ.

ಉರಿ ಹಳದಿ, ಪಾತ್ರೆಯ ತಳ ಕಪ್ಪು

ಗಾಳಿ ಸಾಲುತ್ತಿಲ್ಲ ಎಂದರ್ಥ. ಕಿಟಕಿ ತೆರೆದಾಗ ಉರಿ ನೀಲಿಯಾಯಿತೇ? ಹಾಗಾದರೆ ಒಲೆಯದು ತಪ್ಪಲ್ಲ, ಕೋಣೆಯದು. ಮೇಲಿನ ತಲೆನೋವಿನ ಭಾಗ ಇನ್ನೊಮ್ಮೆ ಓದಿ. ಆಗದಿದ್ದರೆ ಬರ್ನರ್ ತೊಳೆದು, ಪೂರ್ತಿ ಒಣಗಿಸಿ, ನೇರ ಕೂರಿಸಿ. ಆಮೇಲೂ ಹಳದಿಯಾದರೆ ಬರ್ನರಿನ ಹಿಂದಿನ ಗಾಳಿಬಾಯಲ್ಲಿ ಕಸ ಅಥವಾ ಹುಳದ ಗೂಡು ಇದೆ.

ಇದಕ್ಕೆ ತದ್ವಿರುದ್ಧವಾಗಿ ಉರಿ ಬರ್ನರ್ ಬಿಟ್ಟು ಮೇಲೆದ್ದು ಬುಸುಗುಟ್ಟಿದರೆ ಒತ್ತಡ ಜಾಸ್ತಿ. ರಸ್ತೆಬದಿಯ ಕ್ಯಾಂಟೀನುಗಳ ಹೈ ಪ್ರೆಷರ್ ರೆಗ್ಯುಲೇಟರನ್ನು ಗಾಡಿಗೆ ಹಾಕಿದಾಗ, ಇಲ್ಲವೇ ಮಳೆನೀರು ಹೊಕ್ಕು ರೆಗ್ಯುಲೇಟರ್ ಕೆಟ್ಟಾಗ ಹೀಗಾಗುತ್ತದೆ. ತಕ್ಷಣ ಆಫ್ ಮಾಡಿ. ಹೊರದೇಶದಿಂದ ಬಂದ ಹೀಟರ್, ಫ್ರಿಜ್ ಇದ್ದರೆ ಅದರ ಫಲಕದ ಮೇಲೆ 30 ಮಿಲಿಬಾರ್ ಎಂದಿದೆಯೇ ಓದಿ. ಜರ್ಮನಿಯ ಹಳೆಯ ಉಪಕರಣಗಳು 50 ಮಿಲಿಬಾರಿನವು.

ಆಗುಂಬೆ, ಕೊಡಚಾದ್ರಿಯ ಎತ್ತರಕ್ಕೆ ಉರಿ ಕೆಡುತ್ತದೆ ಎಂಬ ಮಾತು ಕಿವಿಗೆ ಬೀಳುತ್ತದೆ. ಕೊಡಚಾದ್ರಿಯ ತುದಿಯೇ 1343 ಮೀಟರ್. ಅಷ್ಟಕ್ಕೆಲ್ಲ ಜೆಟ್ ಬದಲಿಸಬೇಕಿಲ್ಲ, ದೋಷ ಬೇರೆ ಕಡೆ ಇದೆ.

ಮೊದಲು ಜೋರು ಉರಿ, ಹತ್ತು ನಿಮಿಷಕ್ಕೆ ಸಣ್ಣಗೆ, ಸಿಲಿಂಡರ್ ಬೆವರುತ್ತಿದೆ

ಸಿಲಿಂಡರಿನೊಳಗಿನ ದ್ರವ ಆವಿಯಾಗಲು ತನ್ನದೇ ಮೈಯ ಬಿಸಿ ಹೀರಿಕೊಳ್ಳುತ್ತದೆ. ಸಣ್ಣ ಸಿಲಿಂಡರಿನಿಂದ ಒಮ್ಮೆಗೇ ಹೆಚ್ಚು ಎಳೆದರೆ ಅದು ತಣ್ಣಗಾಗಿ, ಹೊರಮೈಗೆ ಇಬ್ಬನಿ ಕಟ್ಟಿ, ಒತ್ತಡ ಇಳಿಯುತ್ತದೆ. ನಿಮಿಷಕ್ಕೆ 6 ಲೀಟರಿನ ಗೀಸರ್ ಗಂಟೆಗೆ ಮುಕ್ಕಾಲು ಕೆಜಿಗೂ ಮೀರಿ ಗ್ಯಾಸ್ ಕೇಳುತ್ತದೆ, ಅಂದರೆ ಆರೇಳು ಬರ್ನರಿನಷ್ಟು. 5 ಕೆಜಿ ಸಿಲಿಂಡರಿಗೆ ಅದು ಮೈಮೀರಿದ ಹೊರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹೊರಗೆ ಪುಷ್ಯದ ಚಳಿ ಅಷ್ಟಿಲ್ಲದಿದ್ದರೂ ಸಿಲಿಂಡರಿನ ಒಳಗು ಅದಕ್ಕಿಂತ ತಣ್ಣಗಿರುತ್ತದೆ.

ಪರಿಹಾರ ಸುಲಭ: ಒಂದು ಉಪಕರಣ ಆರಿಸಿ, ಅರ್ಧ ಗಂಟೆ ಬಿಡಿ. ಕುದಿನೀರು ಸುರಿಯುವುದು, ಹಂಡೆ ಒಲೆಯ ಪಕ್ಕ ಇಡುವುದು, ಅಡ್ಡ ಮಲಗಿಸುವುದು ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಪಾಲು ದ್ರವ ಸುಮಾರು 250 ಪಾಲು ಗ್ಯಾಸ್ ಆಗುತ್ತದೆಂಬುದು ನೆನಪಿರಲಿ.

ಗಾಡಿಗೆ ಯಾವ ಸಿಲಿಂಡರ್ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮನೆಯ ಸಂಪರ್ಕದ 14.2 ಕೆಜಿಯದು ಮನೆಯ ಅಡುಗೆಗೆಂದು ಕೊಟ್ಟದ್ದು. ವಿಳಾಸದ ದಾಖಲೆ ಕೇಳದೆ ಗುರುತಿನ ಚೀಟಿಯ ಮೇಲೆ ಮಾರುವ 5 ಕೆಜಿ ಸಿಲಿಂಡರ್ ಗಾಡಿಗೆ ಸರಿ. ಕೊಳ್ಳುವಾಗ ಕೊರಳಿನ ಪಟ್ಟಿಯ ಮೇಲಿನ ಮರುಪರೀಕ್ಷೆಯ ಗಡುವು ಓದಿ: ಎ ಎಂದರೆ ಜನವರಿ–ಮಾರ್ಚ್, ಬಿ ಏಪ್ರಿಲ್–ಜೂನ್, ಸಿ ಜುಲೈ–ಸೆಪ್ಟೆಂಬರ್, ಡಿ ಅಕ್ಟೋಬರ್–ಡಿಸೆಂಬರ್, ಮುಂದಿನ ಅಂಕೆ ವರ್ಷ. ಆ ಗಡುವು ದಾಟಿದ್ದರೆ ಮರುಪರೀಕ್ಷೆಯಾಗಿಲ್ಲ, ಬೇರೆಯದು ಕೇಳಿ. ದೊಡ್ಡದರಿಂದ ಸಣ್ಣದಕ್ಕೆ ಸುರಿದು ತುಂಬಿಸಿಕೊಡುವ ಅಂಗಡಿಗಳ ಸಹವಾಸ ಬೇಡ. ಉಬ್ಬಲು ಮೇಲೆ ಜಾಗ ಬಿಡದೆ ತುಂಬಿದ ಸಿಲಿಂಡರ್ ಬಿಸಿಲಿಗೆ ಬಾಂಬಿನಂತೆಯೇ.

ಫ್ರಿಜ್ ಗ್ಯಾಸಿನಲ್ಲಿ ತಣ್ಣಗಾಗುತ್ತಿಲ್ಲ

ಗಾಡಿ ಮಟ್ಟವಾಗಿ ನಿಂತಿದೆಯೇ? ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ, ಅಮೋನಿಯಾ ದ್ರಾವಣ ತನ್ನಷ್ಟಕ್ಕೆ ಇಳಿದು ಹರಿಯಬೇಕು. ಮೂರು ಡಿಗ್ರಿಗಿಂತ ಹೆಚ್ಚು ವಾಲಿದರೆ ಹರಿವು ನಿಲ್ಲುತ್ತದೆ, ಹಾಗೇ ಗಂಟೆಗಟ್ಟಲೆ ಉರಿಸಿದರೆ ಯಂತ್ರವೇ ಹಾಳು. ಮಲೆನಾಡಿನಲ್ಲಿ ಸಮತಟ್ಟು ಜಾಗ ಅಪರೂಪ. ತಟ್ಟೆಯಲ್ಲಿ ನೀರಿಟ್ಟು ನೋಡಿ, ಚಕ್ರದ ಕೆಳಗೆ ಹಲಗೆ ಕೊಡಿ. ಆಮೇಲೆ ಹೊರಗಿನ ಜಾಲರಿಗೆ ಎಲೆ, ಪಾಚಿ ಕಟ್ಟಿದೆಯೇ ನೋಡಿ. ಫ್ರಿಜ್ಜಿನ ಹಿಂದೆ ಹಳದಿ ಪುಡಿ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಆರಿಸಿ ಹೊರಗೆ ಬನ್ನಿ, ಅದು ಗಾಡಿಯಲ್ಲಿ ಸರಿಹೋಗುವ ದೋಷವಲ್ಲ. ಗಾಡಿ ಓಡುವಾಗ ಫ್ರಿಜ್ ಬ್ಯಾಟರಿಯ ಮೇಲೇ ಇರಲಿ. ಉರಿ ಹೊತ್ತಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋಗುವುದನ್ನು ಊಹಿಸಿಕೊಳ್ಳಿ.

ಸಿಲಿಂಡರ್ ಪೆಟ್ಟಿಗೆಯಲ್ಲಿ ನೀರು ನಿಂತಿದೆ

ತುಕ್ಕಿನ ಚಿಂತೆ ಆಮೇಲೆ. ನೀರು ನಿಂತಿದೆ ಎಂದರೆ ತಳದ ಗಾಳಿಕಂಡಿ ಮುಚ್ಚಿದೆ, ನೀರು ಇಳಿಯದ ಕಡೆ ಸೋರಿದ ಗ್ಯಾಸೂ ಇಳಿಯದು. ಯುರೋಪಿನ ಕ್ಯಾರವಾನುಗಳ ಅಳತೆಯಲ್ಲಿ ತಳದ ಕಂಡಿ ಪೆಟ್ಟಿಗೆಯ ನೆಲದ ನೂರಕ್ಕೆ 2 ಭಾಗ ಇರಬೇಕು, ಎಷ್ಟು ಸಣ್ಣ ಪೆಟ್ಟಿಗೆಯಾದರೂ 100 ಚದರ ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಪೆಟ್ಟಿಗೆಯ ಬಾಗಿಲು ಹೊರಗಡೆಗೆ ಮಾತ್ರ ತೆರೆಯಬೇಕು. ಒಳಗಿನ ಗೋಡೆಯಲ್ಲಿ ಪೈಪು ಹೋಗುವ ತೂತಿನ ಸುತ್ತ ಸಂದು ಉಳಿಯಬಾರದು.

ಕಂಡಿಗೆ ಕಡ್ಡಿ ಹಾಕಿ ಕೆಸರು, ಅಡಿಕೆ ಹಾಳೆಯ ಚೂರು, ಕುಂಬಾರ ಹುಳದ ಮಣ್ಣು ತೆಗೆಯಿರಿ. ಸಿಲಿಂಡರನ್ನು ಎರಡು ಮರದ ಪಟ್ಟಿಯ ಮೇಲೆ ಎತ್ತಿ ನಿಲ್ಲಿಸಿ, ಮೇಲೊಂದು ಕೆಳಗೊಂದು ಬೆಲ್ಟು ಬಿಗಿಯಿರಿ. ಆಗುಂಬೆಯ 14 ತಿರುವುಗಳಿಗೆ ಒಂದೇ ಬೆಲ್ಟು ಸಾಲದು. ಹೊರಡುವಾಗ ರೆಗ್ಯುಲೇಟರ್ ಆಫ್. ಕೊನೆಗೆ ಒಂದು ಚೆಂಬು ನೀರನ್ನು ಪೆಟ್ಟಿಗೆಯ ತಳಕ್ಕೆ ಸುರಿದು ಗಾಡಿಯ ಕೆಳಗೆ ಬಗ್ಗಿ ನೋಡಿ. ನೀರು ನೆಲಕ್ಕೆ ಬೀಳಬೇಕು. ಒಳಗಿನ ಕಾರ್ಪೆಟ್ ಒದ್ದೆಯಾದರೆ ಗ್ಯಾಸ್ ಹೋಗುವ ದಾರಿಯೂ ಅದೇ, ಸಂದು ಮುಚ್ಚಿಸುವ ತನಕ ಆ ಪೆಟ್ಟಿಗೆಗೆ ಸಿಲಿಂಡರ್ ಇಡಬೇಡಿ.